ಹಳೇ ಕಾರು, ಭಾನುವಾರದ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ನನ್ನ ಮನೆ ಮುಂದೆ ಎರಡು ಕಾರು ನಿಂತಿರುತ್ತವೆ. ಒಂದು 1994ರ ಮಾರುತಿ 800. ಇನ್ನೊಂದು ಸೋದರಮಾವ ಬಿಟ್ಟುಕೊಟ್ಟ ಪ್ರೀಮಿಯರ್ ಪದ್ಮಿನಿ. ಬಾನೆಟ್ ಎತ್ತಿದ್ದು ಕಂಡರೆ ಸಾಕು, ದಾರಿಯಲ್ಲಿ ಹೋಗುವವರು ನಿಂತು ಏನಾದರೂ ಕೇಳುತ್ತಾರೆ. ಹತ್ತು ವರ್ಷದಿಂದ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಬರೆದಿಟ್ಟೆ.

ನಾನು ಮಿಸ್ತ್ರಿ ಅಲ್ಲ. ಸೋಮವಾರದಿಂದ ಶನಿವಾರದವರೆಗೆ ಆಫೀಸು, ಭಾನುವಾರ ಗಾಡಿಯ ಕೆಳಗೆ. ಇಲ್ಲಿರುವುದು ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಸಾಮಾನು) ಇರುವ ಪೆಟ್ರೋಲ್ ಕಾರುಗಳ ಮಾತು. ಕಂಪ್ಯೂಟರ್ ಹಚ್ಚಿ ನೋಡುವ ಗಾಡಿಗಳದ್ದಲ್ಲ.

ಕೆಲಸ ಕಲಿಯಬೇಕು ಅಂತಿದ್ದೇನೆ. ಯಾವ ಹಳೇ ಕಾರು ತಗೊಳ್ಳಲಿ?

ಕಾರ್ಬುರೇಟರ್ ಇರುವ ಮಾರುತಿ 800. ಎರಡನೇ ಮಾತಿಲ್ಲ. 1983ರ ಡಿಸೆಂಬರ್‌ನಲ್ಲಿ ಬಂದ ಗಾಡಿ, 2014ರವರೆಗೆ ತಯಾರಾಯಿತು. 796 ಸಿಸಿ, ಮೂರು ಸಿಲಿಂಡರ್. ಓಮ್ನಿಗೂ ಅದೇ ಎಂಜಿನ್. ಹಾಗಾಗಿ ಪಾಯಿಂಟ್ (ಸ್ಪಾರ್ಕ್ ಬರಲು ಕರೆಂಟನ್ನು ಹಚ್ಚಿ ಕಡಿಯುವ ಸ್ವಿಚ್ಚು), ಕಂಡೆನ್ಸರ್ (ಆ ಪಾಯಿಂಟ್ ಸುಡದಂತೆ ಕಾಯುವ ಸಾಮಾನು), ಫಿಲ್ಟರ್, ಬ್ರೇಕ್ ಕಿಟ್ ತಾಲೂಕು ಊರಿನ ಅಂಗಡಿಯಲ್ಲೂ ಸಿಗುತ್ತವೆ. ಬಾನೆಟ್ ಎತ್ತಿದರೆ ಕೆಳಗಿನ ನೆಲ ಕಾಣುವಷ್ಟು ಜಾಗ ಇದೆ, ಕೈ ಆಡಿಸಬಹುದು.

ಅಂಬಾಸಿಡರ್ ಎಂಜಿನ್ ಇನ್ನೂ ಸರಳ. ಆದರೆ ಪ್ರತಿಯೊಂದೂ ಭಾರ. ಒಬ್ಬರೇ ಗೇರ್‌ಬಾಕ್ಸ್ ಇಳಿಸುವ ಕನಸು ಬೇಡ. ಪದ್ಮಿನಿ ಚಂದ. ಸ್ಟೇರಿಂಗ್ ಪಕ್ಕದ ಗೇರ್ ಹಾಕಿ ಸಂಜೆ ಗೋಳಗುಮ್ಮಟದ ಕಡೆ ಒಂದು ಸುತ್ತು ಹೋಗಿ ಬರುವ ಮಜಾನೇ ಬೇರೆ. ಆದರೆ ಅದರ ಗಾಜಿನ ರಬ್ಬರು, ಲೈಟಿನ ರಿಂಗು ಹುಡುಕುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತದೆ. ಮೊದಲ ಗಾಡಿಯಾಗಿ ಬೇಡ.

ಕೊಳ್ಳುವಾಗ ಕಾರು ಯಾವ ಸೀಮೆಯಲ್ಲಿ ಬಾಳಿದೆ ಅಂತ ಕೇಳಿ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಒಣ ಹವೆ. ಇಲ್ಲಿನ ಗಾಡಿಯ ತಗಡು ಚೆನ್ನಾಗಿರುತ್ತದೆ, ರಬ್ಬರು ಸತ್ತಿರುತ್ತದೆ. ಹೋಸು, ಬುಷ್, ಬಾಗಿಲಿನ ಬೀಡಿಂಗ್ ಎಲ್ಲ ಬಿಸಿಲಿಗೆ ಹಪ್ಪಳ. ಬೆಳಗಾವಿ, ಖಾನಾಪುರದ ಮಳೆಯಲ್ಲೋ ಗೋವಾದ ಉಪ್ಪುಗಾಳಿಯಲ್ಲೋ ನಿಂತ ಗಾಡಿ ಇದರ ಉಲ್ಟಾ. ರಬ್ಬರು ಮೆತ್ತಗಿರುತ್ತದೆ, ತಳ ತುಕ್ಕು ಹಿಡಿದಿರುತ್ತದೆ. ನನ್ನನ್ನು ಕೇಳಿದರೆ ಒಣ ಸೀಮೆಯ ಗಾಡಿಯೇ ಲೇಸು. ರಬ್ಬರು ನಾವೇ ಬದಲಿಸಬಹುದು. ತುಕ್ಕು ತಿಂದ ತಳ ಟಿಂಕರಿಂಗ್ ಶೆಡ್ಡಿಗೇ ಹೋಗಬೇಕು, ಅಲ್ಲಿ ದುಡ್ಡು ನೀರಿನ ಹಾಗೆ ಹರಿಯುತ್ತದೆ. ನೋಡಲು ಹೋದಾಗ ಪೇಂಟಿನ ಹೊಳಪು ಬಿಡಿ. ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ತಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಕರಕರ ಅಂದರೆ ಚಹಾ ಕುಡಿದು ವಾಪಸ್ ಬನ್ನಿ.

ಏನೇನು ಪಾನಾ (ಸ್ಪ್ಯಾನರ್), ಸಾಮಾನು ಇಟ್ಟುಕೊಳ್ಳಬೇಕು?

8, 10, 12, 14, 17, 19 ಮಿಮೀ. ಇಷ್ಟು ಪಾನಾ ಇದ್ದರೆ ಮಾರುತಿಯ ಬಹುಪಾಲು ಕೆಲಸ ಆಗುತ್ತದೆ. ಹಳೇ ಅಂಬಾಸಿಡರ್ ಎಂಜಿನ್ ಬ್ರಿಟಿಷ್ ವಿನ್ಯಾಸದ್ದು, ಇಂಚಿನ ಪಾನಾ ಬೇಕು. ಅರ್ಧ ಇಂಚು ಅಂದರೆ 12.7 ಮಿಮೀ. 13ರ ಪಾನಾ ಸರಿಯಾಗಿ ಕೂತ ಹಾಗೇ ಅನಿಸುತ್ತದೆ. ಜೋರು ಹಾಕಿದ ಕೂಡಲೇ ನಟ್ಟಿನ ಮೂಲೆ ಸವೆದು ಉಂಡೆ ಆಗುತ್ತದೆ. ಆಮೇಲೆ ಉಳಿ, ಸುತ್ತಿಗೆಯೇ ಗತಿ.

ಇವಲ್ಲದೆ ಸ್ಪಾರ್ಕ್ ಪ್ಲಗ್ ಬಿಚ್ಚುವ ಪಾನಾ, ಪಕ್ಕಡ, ಪಾಯಿಂಟ್ ಅಳೆಯಲು ಫೀಲರ್ ಗೇಜ್, ಒಂದು ಮಲ್ಟಿಮೀಟರ್. ದುಬಾರಿ ಮೀಟರ್ ಬೇಕಿಲ್ಲ, ಆದರೆ ಇಲ್ಲದೆ ಮಾತ್ರ ನಡೆಯುವುದಿಲ್ಲ. ಮನೆಯಲ್ಲಿ ಬಿಟ್ಟ ಹಳೇ ಇಡ್ಲಿ ತಟ್ಟೆ ಇದ್ದರೆ ಕೇಳಿ ಇಸಿದುಕೊಳ್ಳಿ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಒಂದೊಂದು ಗುಳಿಗೆ ಹಾಕುತ್ತಾ ಹೋದರೆ ಜೋಡಿಸುವಾಗ ತಲೆ ಕೆಡುವುದಿಲ್ಲ. ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೋ.

ಜಾಕ್ ಮೇಲಷ್ಟೇ ನಂಬಿಕೆ ಇಟ್ಟು ಗಾಡಿಯ ಕೆಳಗೆ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ, ಅವು ಒಡೆಯುವ ಮುಂಚೆ ಹೇಳಿ ಒಡೆಯುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಎರಡು ಕೊಳ್ಳಿ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ವಾದ ಮಾಡುವುದಿಲ್ಲ.

ಬೆಳಿಗ್ಗೆ ಕೀ ತಿರುವಿದರೆ 'ಟಕ್' ಅಂತ ಒಂದೇ ಸದ್ದು. ಬ್ಯಾಟರಿ ಹೋಯಿತಾ?

ಹೋಗಿರಬಹುದು. ಹೋಗದೆಯೂ ಇರಬಹುದು. ಅಳೆದು ನೋಡುವ ಮುಂಚೆ ಹೊಸದು ಕೊಳ್ಳಬೇಡಿ. ನಾನು ಕೊಂಡು ಕೈ ಸುಟ್ಟುಕೊಂಡವನು.

800 ತಗೊಂಡ ಮೊದಲ ವರ್ಷ ಇದೇ 'ಟಕ್' ಬಂತು. ನೇರ ಹೋಗಿ ಹೊಸ ಬ್ಯಾಟರಿ ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು. ಮತ್ತೆ 'ಟಕ್'. ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಬಿಚ್ಚಿಸಿದೆ, ಅದರ ಕಾರ್ಬನ್ ಬ್ರಷ್ ಬದಲಾಯಿತು. ಒಂದು ತಿಂಗಳು ಚೆನ್ನಾಗಿತ್ತು. ಮತ್ತೆ 'ಟಕ್'. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಿತ್ತು ನನ್ನ ಕಥೆ. ಕೊನೆಗೆ ಪಕ್ಕದ ಓಣಿಯ ವೈರಿಂಗ್ ಕಾಕಾ ಬಂದು ಮೀಟರ್ ಹಚ್ಚಿದರು. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ನೇರ ಎಂಜಿನ್ ಕಬ್ಬಿಣದ ಮೇಲೆ. "ಈಗ ಸೆಲ್ಫ್ ಹೊಡಿ ತಮ್ಮಾ" ಅಂದರು. ಮೀಟರ್ 1.8 ವೋಲ್ಟ್ ತೋರಿಸಿತು. ಅಲ್ಲಿ ಕಾಲು ವೋಲ್ಟಿಗಿಂತ ಜಾಸ್ತಿ ಬರಬಾರದು. ಅಂದರೆ ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿಗೆ ಬರುವ ಅರ್ಥ್ ವೈರಿನಲ್ಲೇ ಕರೆಂಟ್ ಸಿಕ್ಕಿಕೊಂಡಿದೆ. ಆ ವೈರನ್ನು ಗೇರ್‌ಬಾಕ್ಸ್ ಮೇಲೆ ಬಿಗಿದ ಬೋಲ್ಟ್ ಬಿಚ್ಚಿದರೆ ಒಳಗೆ ಹಸಿರು ಪುಡಿ. ಪಾಲಿಶ್ ಪೇಪರ್‌ನಿಂದ ಮಿನುಗುವಷ್ಟು ತಿಕ್ಕಿ, ಬಿಗಿದು, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿದೆವು. ಖರ್ಚು ಒಂದು ಕಪ್ ಚಹಾ. ಬ್ಯಾಟರಿ ಬಿಚ್ಚಿ ಹಾಕಿದಾಗ, ಸೆಲ್ಫ್ ಬಿಚ್ಚಿದಾಗ ಆ ವೈರು ಅಲುಗಾಡಿ ಒಂದಿಷ್ಟು ದಿನ ಸರಿ ಹೋಗಿತ್ತು, ಅಷ್ಟೇ.

ಅಳೆಯುವ ಲೆಕ್ಕ ಹೀಗಿದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ. 12ರ ಕೆಳಗೆ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮಾತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯಲ್ಲಿ ದಮ್ ಇಲ್ಲ. ಎಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ಇರಬೇಕು. ಅಲ್ಲೂ 12 ಚಿಲ್ಲರೆಯೇ ತೋರಿಸಿದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಅಥವಾ ಅದರ ಬೆಲ್ಟ್ ನೋಡಿ.

ಮೇ ತಿಂಗಳಲ್ಲಿ ಓಡುತ್ತಾ ಓಡುತ್ತಾ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್! ಏನಿದು?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ.

ಎಲ್ಲರೂ ಹೇಳುವುದು 'ವೇಪರ್ ಲಾಕ್'. ಹಳೇ ಗಾಡಿಯಲ್ಲಿ ಪೆಟ್ರೋಲ್ ಪಂಪು ಎಂಜಿನ್ ಮೇಲೆಯೇ ಕೂತಿರುತ್ತದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುತ್ತದೆ. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ, ಮೇಲೆ ಎಂಜಿನ್ ಬಿಸಿ, ಹೊರಗೆ 42 ಡಿಗ್ರಿ. ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿ ಆಗುತ್ತದೆ. ಪಂಪು ಆವಿಯನ್ನು ತಳ್ಳಲಾರದು. ಗಾಡಿ ನಿಂತಿತು. ಇದು ನಿಜವಾದ ರೋಗವೇ, ನಮ್ಮ ಸೀಮೆಯಲ್ಲಿ ಬಹಳ.

ಸೊಲ್ಲಾಪುರ ದಾರಿಯಲ್ಲಿ ಝಳಕಿ ಹತ್ತಿರ ನನ್ನ 800 ಹೀಗೇ ನಿಂತಿತು. ಚಹಾದಂಗಡಿಯವರು ಎದ್ದು ಬಂದು, "ಯಾಕ್ರೀ ಅಣ್ಣಾರ, ಪಂಪಿನ ಮ್ಯಾಲ ಹಸಿ ಅರಿವಿ ಹಾಕ್ರಿ, ಹತ್ತ್ ನಿಮಿಷ ಕುಂದರ್ರಿ" ಅಂದರು. ಒದ್ದೆ ಬಟ್ಟೆ ಹಾಕಿದೆ, ಕೂತೆ, ಚಹಾ ಕುಡಿದೆ. ಸ್ಟಾರ್ಟ್ ಆಯಿತು. ಅಂದಿನಿಂದ ಎರಡು ಬೇಸಿಗೆ ಡಿಕ್ಕಿಯಲ್ಲಿ ನೀರಿನ ಬಾಟ್ಲಿ, ಹಳೇ ಬನಿಯನ್ನು ಇಟ್ಟುಕೊಂಡೇ ತಿರುಗಿದೆ. ಪೆಟ್ರೋಲ್ ಪೈಪಿಗೆ ಬಟ್ಟೆ ಸುತ್ತಿದೆ. ಪಂಪು ಬದಲಿಸಿದೆ. ನಿಲ್ಲುವುದು ನಿಲ್ಲಲಿಲ್ಲ.

ಕೊನೆಗೆ ಗೊತ್ತಾಯಿತು, ರೋಗ ಇದ್ದದ್ದು ಇಗ್ನಿಷನ್ ಕಾಯಿಲ್‌ನಲ್ಲಿ, ಅಂದರೆ ಸ್ಪಾರ್ಕ್ ಪ್ಲಗ್‌ಗಳಿಗೆ ಹೈ ವೋಲ್ಟೇಜ್ ಕೊಡುವ ಸುರುಳಿಯಲ್ಲಿ. ಬಿಸಿ ಏರಿದಾಗ ಕಾಯಿಲ್ ಸ್ಪಾರ್ಕ್ ಕೊಡುವುದು ನಿಲ್ಲಿಸುತ್ತಿತ್ತು. ಹತ್ತು ನಿಮಿಷ ಚಹಾ ಕುಡಿಯುವಷ್ಟರಲ್ಲಿ ಪಂಪಿನ ಜೊತೆ ಕಾಯಿಲೂ ತಣ್ಣಗಾಗುತ್ತಿತ್ತು. ಬನಿಯನ್ನಿಗೆ ಸುಮ್ನೆ ಹೆಸರು ಬಂತು.

ಆದ್ದರಿಂದ ಗಾಡಿ ನಿಂತ ಆ ಕ್ಷಣದಲ್ಲೇ ನೋಡಬೇಕು. ತಣ್ಣಗಾದ ಮೇಲೆ ಯಾವ ರೋಗವೂ ಮುಖ ತೋರಿಸುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಹಳೇ ಪ್ಲಗ್ ಇಟ್ಟುಕೊಳ್ಳಿ. ನಿಂತ ಕೂಡಲೇ ಒಂದು ಪ್ಲಗ್ ವೈರ್ ಎಳೆದು ಆ ಪ್ಲಗ್‌ಗೆ ಹಾಕಿ, ಪ್ಲಗ್‌ನ ಮೈಯನ್ನು ಎಂಜಿನ್ ಕಬ್ಬಿಣಕ್ಕೆ ತಾಗಿಸಿ ಇಟ್ಟು ಕೈ ತೆಗೆಯಿರಿ. ಜೊತೆಗಿದ್ದವರಿಗೆ ಸೆಲ್ಫ್ ಹೊಡೆಯಲು ಹೇಳಿ. ನೀಲಿ ಕಿಡಿ 'ಚಟ್ ಚಟ್' ಅಂದರೆ ಸ್ಪಾರ್ಕ್ ಸರಿ. ಹಳದಿ, ನಿತ್ರಾಣ ಕಿಡಿ ಅಥವಾ ಏನೂ ಇಲ್ಲ ಅಂದರೆ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಕಡೆ ಹೋಗಿ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಮಾತ್ರ ಈ ಪರೀಕ್ಷೆ ಬೇಡ.

ಸ್ಪಾರ್ಕ್ ಇದೆ ಅಂದರೆ ಮುಂದಿನದು ಪೆಟ್ರೋಲ್. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್ ಬಾಯಿಯೊಳಗೆ ಇಣುಕಿ, ಕೈಯಿಂದ ಎಕ್ಸಲರೇಟರ್ ಎಳೆಯಿರಿ. ಸಣ್ಣ ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಹುಸ್' ಅಂತ ಗಾಳಿ ಒಳಗೆ ಎಳೆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ. ಮಜಾ ಅಂದರೆ ಈ ರೋಗವೂ ಅರ್ಧ ಗಂಟೆ ಬಿಟ್ಟರೆ ತಾನೇ ಸರಿ ಹೋಗುತ್ತದೆ! 'ಹುಸ್' ಬರಲಿಲ್ಲ ಅಂದರೆ ಆಗ ವೇಪರ್ ಲಾಕ್ ಅನ್ನಿ. ಫಿಲ್ಟರ್ ಬದಲಿಸಿ, ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ತಿರ ಹಾದ ಪೈಪನ್ನು ದೂರ ಸರಿಸಿ, ನಡುವೆ ತಗಡಿನ ಮರೆ ಕಟ್ಟಿ. ಹಸಿ ಅರಿವಿ ಮನೆ ಮುಟ್ಟಿಸುತ್ತದೆ, ರಿಪೇರಿ ಅಲ್ಲ.

ಕಾಯಿಲ್ ಬದಲು ಕಂಡೆನ್ಸರ್ ಹೋಗಿದ್ದರೆ ಹೇಗೆ ತಿಳಿಯುವುದು?

ಪಾಯಿಂಟ್ ಬಾಯಿ ನೋಡಿ. ಕರ್ರಗೆ ಸುಟ್ಟು, ಒಂದು ಕಡೆ ಗುಡ್ಡ ಇನ್ನೊಂದು ಕಡೆ ಗುಂಡಿ ಆಗಿದ್ದರೆ ಕಂಡೆನ್ಸರ್ ಮೇಲೆ ಅನುಮಾನ. ಅಗ್ಗದ ಸಾಮಾನು, ಒಂದು ಸ್ಕ್ರೂ. ಒಂದು ಯಾವಾಗಲೂ ಗಾಡಿಯಲ್ಲೇ ಇಟ್ಟಿರಿ.

ಊರಿನಲ್ಲಿ ಸರಿ ಇರುತ್ತದೆ. ಗೋವಾ ದಾರಿಯ ಚೋರ್ಲಾ ಘಾಟ್ ಹತ್ತಿದರೆ ಟೆಂಪರೇಚರ್ ಮುಳ್ಳು ಕೆಂಪಿಗೆ. ಏನು ಬದಲಿಸಲಿ?

ಮೊದಲು ಹೇಳಿ, ರೇಡಿಯೇಟರ್‌ಗೆ ಎಲ್ಲಿಯ ನೀರು ಹಾಕುತ್ತೀರಿ?

ವಿಜಯಪುರದ ಕಡೆ ಡೋಣಿ ಹೊಳೆಯ ನೀರು ಉಪ್ಪು ಅನ್ನುವುದು ಎಲ್ಲರಿಗೂ ಗೊತ್ತು. ಬೋರ್‌ವೆಲ್ ನೀರೂ ಎಷ್ಟೋ ಕಡೆ ಗಡಸು. ಸ್ನಾನದ ಮನೆಯ ಬಕೆಟ್ಟಿನ ಅಂಚಿಗೆ, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ರೇಡಿಯೇಟರ್‌ನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಹಂಡೆಯನ್ನು ಕೆರೆದು ತೆಗೆಯಬಹುದು, ಇದನ್ನು ಆಗುವುದಿಲ್ಲ. ಸಪಾಟು ರಸ್ತೆಯಲ್ಲಿ ಅರ್ಧ ನಳಿಗೆ ತೆರೆದಿದ್ದರೂ ಸಾಗುತ್ತದೆ. ಘಾಟ್‌ನಲ್ಲಿ ಎರಡನೇ ಗೇರ್ ಹಾಕಿ ಏರುವಾಗ ಎಂಜಿನ್ ಬಿಸಿ ಜಾಸ್ತಿ, ಗಾಳಿ ಕಡಿಮೆ. ಆಗ ಗುಟ್ಟು ರಟ್ಟಾಗುತ್ತದೆ.

ಪತ್ತೆ ಹಚ್ಚುವುದು ಸುಲಭ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಫ್ಯಾನ್ ನಿಂತ ಮೇಲೆ ರೇಡಿಯೇಟರ್ ಜಾಲರಿಯ ಮೇಲೆ ಅಂಗೈ ಹತ್ತಿರ ಹಿಡಿದು ಅತ್ತಿಂದಿತ್ತ ಸರಿಸಿ. ನಡುವೆ ಎಲ್ಲೋ ತಣ್ಣಗಿನ ಪಟ್ಟಿ ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲ. ರೇಡಿಯೇಟರ್ ಅಂಗಡಿಯವರು ಅದನ್ನು ಬಿಚ್ಚಿ ಒಳಗೆ ಸಲಾಕೆ ಹೊಡೆದು ಶುದ್ಧ ಮಾಡುತ್ತಾರೆ. ಹಳೇ ಹಿತ್ತಾಳೆ, ತಾಮ್ರದ ರೇಡಿಯೇಟರ್ ಆದರೆ ಇದು ಆಗುವ ಕೆಲಸ. ಅಲ್ಲಿಂದ ಮುಂದೆ ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಬೋರ್‌ವೆಲ್ ನೀರು ತೀರಾ ಗತಿ ಇಲ್ಲದಾಗ ಮಾತ್ರ.

ಮುಚ್ಚಳವನ್ನೂ ನೋಡಿ. 0.9 (ಬಾರ್ ಒತ್ತಡ) ಅಂತ ಬರೆದ ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು, ಬರೀ ನೀರನ್ನೂ ಸುಮಾರು 118 ಡಿಗ್ರಿಯವರೆಗೆ ಕುದಿಯಲು ಬಿಡುವುದಿಲ್ಲ. ಅದರ ರಬ್ಬರ್ ವಾಷರ್ ಒಣಗಿದ್ದರೆ 100ಕ್ಕೇ ಕುದಿ. ಬಿಸಿ ಇರುವಾಗ ಆ ಮುಚ್ಚಳ ತೆಗೆಯಬೇಡಿ. ನನ್ನ ಎಡಗೈ ಮೇಲೆ ಇದರ ಗುರುತಿದೆ.

800ರಲ್ಲಿ ಫ್ಯಾನ್ ಕರೆಂಟಿನದು. ಬಿಸಿ ಏರಿದರೂ ತಿರುಗದಿದ್ದರೆ ಅದರ ಥರ್ಮೋ ಸ್ವಿಚ್‌ನ ಎರಡು ವೈರ್ ಕೂಡಿಸಿ ನೋಡಿ. ತಿರುಗಿತು ಅಂದರೆ ಸ್ವಿಚ್ ಹೋಗಿದೆ, ತಿರುಗದಿದ್ದರೆ ಫ್ಯೂಸ್ ಅಥವಾ ಮೋಟರ್.

'ಥರ್ಮೋಸ್ಟಾಟ್ ಕಿತ್ತು ಒಗೀರಿ, ನಮ್ಮ ಬಿಸಿಲಿಗೆ ಅದು ಬ್ಯಾಡ' ಅಂತ ಮಿಸ್ತ್ರಿ ಹೇಳಿದರು. ತೆಗೆಯಲಾ?

ಬೇಡ. ನಮ್ಮ ಕಡೆ ಇದೊಂದು ಚಾಳಿ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿ ಆಗುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ಕವಾಟ. ಬಿಸಿಲು ಹೊರಗಿನದು. ಎಂಜಿನ್ನಿಗೆ ಬೇಕಾದ ಬಿಸಿ ಒಳಗಿನದು, 80 ಡಿಗ್ರಿ ಆಸುಪಾಸು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಬಿಸಿ ಏರಲು ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಪ್ಲಗ್ ಕರ್ರಗಾಗುತ್ತದೆ, ಎಣ್ಣೆ ಬೇಗ ಕೆಡುತ್ತದೆ. ಹಳೆಯದು ಕೆಟ್ಟಿದೆಯಾ ಅಂತ ನೋಡಬೇಕಾದರೆ ಪಾತ್ರೆಯಲ್ಲಿ ನೀರು ಕಾಯಿಸಿ ಅದನ್ನು ದಾರ ಕಟ್ಟಿ ಇಳಿಬಿಡಿ. ಕುದಿ ಬರುವ ಮುಂಚೆ ಅದು ಬಾಯಿ ತೆರೆಯಬೇಕು. ಪಾತ್ರೆ ಮಾತ್ರ ಅಡುಗೆ ಮನೆಯದು ಬೇಡ, ನಾನು ಒಮ್ಮೆ ಬೈಸಿಕೊಂಡಿದ್ದೇನೆ.

ಎಥನಾಲ್ ಪೆಟ್ರೋಲ್ ಹಳೇ ಗಾಡಿಗೆ ಆಗುತ್ತದಾ?

ಆಗಲಿ ಬಿಡಲಿ, ಬಂಕಿನಲ್ಲಿ ಸಿಗುವುದು ಅದೇ. 2023ರಲ್ಲಿ ಇ20, ಅಂದರೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್ ಶುರುವಾಯಿತು. ಈಗ ಹೆಚ್ಚುಕಡಿಮೆ ಎಲ್ಲೆಡೆ ಅದೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಬ್ಬಿನ ಜಿಲ್ಲೆಗಳು. ನಮ್ಮ ಹೊಲದ ಕಬ್ಬಿನ ರಸವೇ ನಮ್ಮ ಟ್ಯಾಂಕಿಗೆ ಬಂದು ಬೀಳುತ್ತಿದೆ ಅಂತ ರೈತ ಗೆಳೆಯರು ನಗುತ್ತಾರೆ. ಅವರ ಮಾರುತಿಯ ಪೆಟ್ರೋಲ್ ಹೋಸ್ ಸೋರಿದಾಗ ನಗು ನಿಲ್ಲುತ್ತದೆ.

ತೊಂದರೆ ಇರುವುದು ಮೂರು ಕಡೆ. ಒಂದು, ಹಳೇ ರಬ್ಬರು. ಆ ಕಾಲದ ಹೋಸು, ಪಂಪಿನ ಡಯಾಫ್ರಮ್, ಕಾರ್ಬುರೇಟರ್ ವಾಷರ್ ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ, ಕೊನೆಗೆ ಬಿರಿಯುತ್ತವೆ. ಹೋಸನ್ನು ಬೆರಳಿನಲ್ಲಿ ಬಾಗಿಸಿ ನೋಡಿ. ಅಂಟು ಅಂಟಾಗಿದ್ದರೂ ಕೆಟ್ಟದ್ದು, ಬಿರುಕು ಕಂಡರೂ ಕೆಟ್ಟದ್ದು. ಎಥನಾಲ್ ತಡೆಯುವ ಹೋಸ್ ಅಂತಲೇ ಕೇಳಿ ತನ್ನಿ, ಮೀಟರ್ ಲೆಕ್ಕದಲ್ಲಿ ಸಿಗುವ ಗಾಳಿ ಪೈಪು ಹಾಕಬೇಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಗಾಡಿಯೇ ಉಳಿಯುವುದಿಲ್ಲ.

ಇನ್ನೊಂದು, ನೀರು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲವೆಲ್ಲ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರು, ಎಥನಾಲ್ ಎರಡೂ ಕೂಡಿ ತಳಕ್ಕೆ ಇಳಿದುಬಿಡಬಹುದು. ಪಂಪು ಮೊದಲು ಹೀರುವುದು ಅದನ್ನೇ. ಬೆಳಗಾವಿಯವರಿಗೆ ಇದು ಜಾಸ್ತಿ ಅನ್ವಯ. ವಾರಕ್ಕೊಮ್ಮೆ ಓಡಿಸಿ, ಇಲ್ಲವೇ ಟ್ಯಾಂಕ್ ತುಂಬಿಸಿ ನಿಲ್ಲಿಸಿ.

ಕೊನೆಯದು, ಟ್ಯೂನಿಂಗ್. ಅದೇ ಅಳತೆಯ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ಕಾರ್ಬುರೇಟರ್‌ಗೆ ಇದು ತಿಳಿಯುವುದಿಲ್ಲ, ಹಳೇ ಲೆಕ್ಕದಲ್ಲೇ ಸುರಿಯುತ್ತದೆ. ಮಿಶ್ರಣ ತೆಳುವಾಗಿ ಪಿಕಪ್ ಎಳೆದಂತೆ ಆಗುತ್ತದೆ. ಕಾರ್ಬುರೇಟರ್‌ನ ಮಿಕ್ಸ್ಚರ್ ಸ್ಕ್ರೂ (ಮಿಶ್ರಣ ಹೊಂದಿಸುವ ತಿರುಪು) ಚೂರು ಬಿಚ್ಚಿದರೆ ಐಡ್ಲಿಂಗ್ (ಎಕ್ಸಲರೇಟರ್ ಒತ್ತದೆ ಎಂಜಿನ್ ಓಡುವುದು) ಮಟ್ಟಿಗಂತೂ ಸುಧಾರಿಸುತ್ತದೆ.

ಕಾರ್ಬುರೇಟರ್ ನಾನೇ ಬಿಚ್ಚಬಹುದಾ?

ಬಿಚ್ಚಬಹುದು. ಬಿಚ್ಚುವ ಅಗತ್ಯ ಇದೆಯಾ ಅನ್ನುವುದು ಪ್ರಶ್ನೆ. ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಬಂದ ಕೂಡಲೇ ಪಾಪ, ಎಲ್ಲರೂ ಕಾರ್ಬುರೇಟರ್ ಕುತ್ತಿಗೆಗೇ ಕೈ ಹಾಕುತ್ತಾರೆ. ಮೊದಲು ಪಾಯಿಂಟ್ ಗ್ಯಾಪ್ ನೋಡಿ, 800ಕ್ಕೆ 0.4ರಿಂದ 0.5 ಮಿಮೀ. ಪ್ಲಗ್ ವೈರ್ ಅದಲು ಬದಲಾಗಿದೆಯಾ ನೋಡಿ. ಮಾರುತಿಯ ಮೂರು ಸಿಲಿಂಡರ್‌ಗೆ ಸ್ಪಾರ್ಕ್ ಬರುವ ಕ್ರಮ 1-3-2, ಅಂಬಾಸಿಡರ್ ಮತ್ತು ಪದ್ಮಿನಿಗೆ 1-3-4-2. ಆಮೇಲೆ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ಪಾರ್ಲೆ ಬಿಸ್ಕತ್ತಿನ ಕಂದು ಇದ್ದರೆ ಕಾರ್ಬುರೇಟರ್ ತಂಟೆಗೆ ಹೋಗಲೇಬೇಡಿ. ಕಾಡಿಗೆಯಂತೆ ಕರ್ರಗಿದ್ದರೆ ಪೆಟ್ರೋಲ್ ಜಾಸ್ತಿ, ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎರೆ ಮಣ್ಣಿನ ದಾರಿಯಲ್ಲಿ ಟ್ರ್ಯಾಕ್ಟರ್ ಹಿಂದೆ ನಾಲ್ಕು ದಿನ ಓಡಿಸಿದರೆ ಫಿಲ್ಟರ್ ಕಥೆ ಮುಗಿಯಿತು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ.

ಇಷ್ಟಾದ ಮೇಲೂ ಬಿಚ್ಚಬೇಕಾದರೆ, ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಒಳಗೆ ತಿರುವಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಅಂತ ಬರೆದಿಟ್ಟುಕೊಳ್ಳಿ. ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತಿಗೆ ತಂತಿ, ಸೂಜಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾಯಿತು ಅಂದರೆ ಹೊಸ ಜೆಟ್ಟೇ. ಕಾರ್ಬುರೇಟರ್ ಕ್ಲೀನರ್ ಹೊಡೆದು ಗಾಳಿ ಊದಿದರೆ ಸಾಕು.

ಊರಲ್ಲಿ ಅಜ್ಜನ ಕಾರು ಎಂಟು ವರ್ಷದಿಂದ ನಿಂತಿದೆ. ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಲಾ?

ದಯವಿಟ್ಟು ಹೊಡೆಯಬೇಡಿ! ಮಾವನ ಪದ್ಮಿನಿ ಕೊಟ್ಟಿಗೆಯಲ್ಲಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಜೋಳದ ಚೀಲ, ಮುಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಜೋಳ ಇದ್ದಲ್ಲಿ ಇಲಿ ಬಾರದೆ ಇರುತ್ತದಾ? ಡ್ಯಾಶ್‌ಬೋರ್ಡ್ ಹಿಂದಿನ ವೈರುಗಳು ಬೋಳಾಗಿದ್ದವು. ಅಂದು ಬ್ಯಾಟರಿ ಕೂಡಿಸಿದ್ದರೆ ಕೊಟ್ಟಿಗೆ ಸಮೇತ ಹೋಗುತ್ತಿತ್ತು.

ಮೊದಲು ವೈರು ನೋಡಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರ್‌ಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ತುದಿಯಲ್ಲಿ ಬೆಲ್ಟ್ ಸುತ್ತುವ ಚಕ್ರ) ನಟ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ. ತಿರುಗದಿದ್ದರೆ ಜೋರು ಮಾಡಬೇಡಿ, ಇನ್ನಷ್ಟು ಎಣ್ಣೆ, ಇನ್ನೆರಡು ದಿನ. ಪದ್ಮಿನಿ ಐದನೇ ದಿನ ಅಲುಗಾಡಿತು. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಅದರ ವಾಸನೆ ವಾರ್ನಿಷ್‌ನಂತೆ ಆಗಿರುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಂದು ಸಣ್ಣ ಡಬ್ಬಿಯಿಂದ ಹೊಸ ಪೆಟ್ರೋಲ್ ಕೊಡಿ.

ಟೈರಿನ ಗೀರು ಆಳ ಇದ್ದರೂ ವರ್ಷ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2315 ಅಂದರೆ 2015ರ 23ನೇ ವಾರ. ಅಂಥದ್ದನ್ನು ಹಾಕಿಕೊಂಡು ಹೆದ್ದಾರಿಗೆ ಇಳಿಯಬೇಡಿ.

ಬ್ರೇಕ್ ಕೆಲಸ ನಾವೇ ಮಾಡಬಹುದಾ?

ಶೂ ಬದಲಿಸುವುದು, ಆಯಿಲ್ ಬದಲಿಸುವುದು ಕಲಿಯಬಹುದು. ಆದರೆ ಮೊದಲ ಸಲ ಬಲ್ಲವರು ಪಕ್ಕದಲ್ಲಿ ಇರಲೇಬೇಕು. ಬ್ರೇಕ್ ಆಯಿಲ್ ಅಂತ ಕರೆದರೂ ಅದು ಎಣ್ಣೆ ಅಲ್ಲ. ಎಂಜಿನ್ ಆಯಿಲ್ ಒಂದು ಹನಿ ಅದರೊಳಗೆ ಬಿದ್ದರೂ ಸಿಲಿಂಡರಿನ ರಬ್ಬರುಗಳು ಉಬ್ಬಿ ಹಾಳಾಗುತ್ತವೆ. ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು) ಅತಿ ದೂರದ ಗಾಲಿಯಿಂದ ಶುರು ಮಾಡಿ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ.

ಪಾರ್ಟ್ಸ್ ಎಲ್ಲಿ ಸಿಗುತ್ತವೆ?

ಮಾರುತಿಯದು ಇಲ್ಲೇ. ಅಂಬಾಸಿಡರ್, ಪದ್ಮಿನಿಗೆ ಸೊಲ್ಲಾಪುರ, ಹುಬ್ಬಳ್ಳಿ, ಕೊಲ್ಲಾಪುರದ ಹಳೇ ಅಂಗಡಿ, ಗುಜರಿ ತಿರುಗಬೇಕು. ಹಳೇ ಪಾರ್ಟ್ ಜೇಬಿನಲ್ಲೇ ಇರಲಿ. ಬಾಯಿಮಾತಿನಲ್ಲಿ ಹೇಳಿ ತಂದ ವಾಷರ್ ಎಂದೂ ಕೂತಿಲ್ಲ. ಸಿಗದೇ ಇದ್ದದ್ದನ್ನು ಮಾಡಿಸಬೇಕಾದರೆ ಬೆಳಗಾವಿಯ ಉದ್ಯಮಬಾಗ್. ಫೌಂಡ್ರಿ, ಲೇಥ್ ಕೆಲಸಕ್ಕೆ ಆ ಊರಿಗೆ ಹೆಸರಿದೆ. ಮಾವನ ಪದ್ಮಿನಿಯ ಒಂದು ಬುಷ್ ಎಲ್ಲೂ ಸಿಗಲಿಲ್ಲ. ಅಲ್ಲಿ ಒಬ್ಬ ಹಿರಿಯರು ಹಳೆಯದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, ಎಲ್ಲಿ ಎಷ್ಟು ಸವೆದಿದೆ ಅಂತ ಅಳೆದು, ಸವೆಯುವ ಮುಂಚಿನ ಅಳತೆಗೆ ಹೊಸದು ಕಡೆದು ಕೊಟ್ಟರು. ಸವೆದ ಅಳತೆಗೇ ಮಾಡಿಸಿಕೊಂಡು ಬರುವವರು ಬಹಳ ಜನ ಇದ್ದಾರೆ, ನೆನಪಿರಲಿ.

ನಾವೇ ರಿಪೇರಿ ಮಾಡಿಕೊಂಡರೆ ಮಿಸ್ತ್ರಿಗೆ ಸಿಟ್ಟು ಬರಲ್ವಾ?

ಅರ್ಧ ಬಿಚ್ಚಿ, ಸ್ಕ್ರೂ ಕಳೆದು, ಚೀಲದಲ್ಲಿ ತುಂಬಿಕೊಂಡು ಹೋದರೆ ಬರುತ್ತದೆ. ಬರಲೇಬೇಕು. "ಇಷ್ಟು ನೋಡಿದ್ದೇನೆ, ಇಲ್ಲಿ ಸಿಕ್ಕಿಕೊಂಡೆ" ಅಂತ ಹೋದರೆ ಚಹಾ ಕೊಟ್ಟು ಹೇಳಿಕೊಡುತ್ತಾರೆ. ಪಾಯಿಂಟ್ ಸದ್ದು ಕೇಳಿಯೇ ಟೈಮಿಂಗ್ ಹೇಳುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಹುಡುಗರು ಯಾರೂ ಅದನ್ನು ಕೇಳಲು ಬರುವುದಿಲ್ಲ ಅನ್ನುವುದೇ ಅವರ ಬೇಜಾರು.

15 ವರ್ಷ ದಾಟಿದರೆ ಗಾಡಿ ಗುಜರಿಗೇ ಹಾಕಬೇಕಂತೆ, ನಿಜವಾ?

ಅದು ದಿಲ್ಲಿ ಕಡೆಯ ಕಥೆ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬಹುದು. ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು. ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಗಾಡಿಯ ಬೆಲೆಯೇ ಅಷ್ಟಿರುವುದಿಲ್ಲ ಎಷ್ಟೋ ಸಲ! ಅವಧಿ ಮುಗಿಯುವ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು, ಕಾಯಬೇಡಿ. 50 ವರ್ಷ ದಾಟಿದ ಗಾಡಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಬೇರೆ ಇದೆ. ಆದರೆ ಅದನ್ನು ದಿನಾ ಸಂತೆಗೆ ಓಡಿಸುವಂತಿಲ್ಲ.

ಡೀಸೆಲ್ ಜೀಪಿಗೂ ಇದೇ ಲೆಕ್ಕವಾ?

ಸ್ಪಾರ್ಕ್ ಪ್ಲಗ್, ಪಾಯಿಂಟ್, ಕಾಯಿಲ್ ಯಾವುದೂ ಅಲ್ಲಿಲ್ಲ. ಸ್ಟಾರ್ಟ್ ಆಗದಿದ್ದರೆ ಮೊದಲ ಅನುಮಾನ ಡೀಸೆಲ್ ಪೈಪಿನ ಗಾಳಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈ ಪಂಪು ಒತ್ತಿ, ಬಿಗಿಯಿರಿ. ಚಳಿಗಾಲದ ಬೆಳಗ್ಗೆ ಮಾತ್ರ ಮೊಂಡು ಹಿಡಿದರೆ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿ. ಅರ್ಥ್ ವೈರ್, ರೇಡಿಯೇಟರ್ ಮಾತು ಮಾತ್ರ ಎಲ್ಲಕ್ಕೂ ಒಂದೇ.

ನಮ್ಮ ಗಾಡಿ ಒಮ್ಮೆ ನೋಡ್ತೀರಾ?

ಭಾನುವಾರ ತನ್ನಿ, ದುಡ್ಡು ಬೇಡ. ಬರುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ತೊಂದರೆ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಎಷ್ಟು ಕಿಲೋಮೀಟರ್ ಓಡಿದ ಮೇಲೆ, ಅದಕ್ಕೂ ಮುಂಚೆ ಕೊನೆಯ ಸಲ ಯಾರು ಏನು ಬಿಚ್ಚಿದ್ದರು. ಕೊನೆಯದಕ್ಕೆ 'ಯಾರೂ ಏನೂ ಬಿಚ್ಚಿಲ್ಲ' ಅಂತ ಸುಳ್ಳು ಬರೆಯಬೇಡಿ, ಸ್ಕ್ರೂ ತಲೆ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು, ಯಾರ ಮನೆಗೋ ಹೋಗುತ್ತಿದ್ದೇವೆ ಅಂತ ಗಾಡಿಯನ್ನು ಚೆನ್ನಾಗಿ ತೊಳೆದುಕೊಂಡು ಬರಬೇಡಿ. ಎಣ್ಣೆ ಎಲ್ಲಿಂದ ಇಳಿದಿದೆ ಅಂತ ನನಗೆ ಕಾಣಬೇಕು.